ದೊಡ್ಡಮನೆಗೆ ಹಿತ್ತಿಲ ದಾರಿ



ಪ್ರವಾಸಕ್ಕೂ ಚರಿತ್ರೆಗೂ ಸಂಬಂಧಪಟ್ಟ ಯಾವ ವಿಷಯವಾದರೂ ಸರಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಸಲಿಗೆ ಕೊಟ್ಟರು. ಅದನ್ನು ಬಳಸಿಕೊಂಡು ನಾನು ಅಮೆರಿಕದ ದಕ್ಷಿಣ ರಾಜ್ಯಗಳ ಹಳೆಯ ಪ್ಲಾಂಟೇಶನ್ನುಗಳನ್ನು, ಎಂದರೆ ಗುಲಾಮರು ದುಡಿದ ದೊಡ್ಡ ತೋಟಗಳನ್ನು, ಆರಿಸಿಕೊಂಡೆ. ಇದು ದೂರದ ವಿಷಯವಾಯಿತಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಆದರೆ 1873ರಲ್ಲೇ ಜೋತಿಬಾ ಫುಲೆಯವರು ತಮ್ಮ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು, ಕಪ್ಪು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. ಅಲ್ಲಿನ ಸಂಕೋಲೆಯನ್ನು ನೋಡಿ ಇಲ್ಲಿನದನ್ನು ಅಳೆಯುವ ಅಭ್ಯಾಸ ನಮ್ಮಲ್ಲಿ ಹಳೆಯದು. ಇಂದಂತೂ ನಮ್ಮ ಮಕ್ಕಳು ಹ್ಯೂಸ್ಟನ್, ಡಲ್ಲಾಸ್‌ಗಳಲ್ಲಿ ಮನೆ ಮಾಡಿದ್ದಾರೆ. ಅಪ್ಪ ಅಮ್ಮ ಹೋದಾಗ ನ್ಯೂ ಆರ್ಲಿಯನ್ಸ್ ತೋರಿಸುತ್ತಾರೆ, ಒಂದು ದಿನ ಪ್ಲಾಂಟೇಶನ್ ಟೂರಿನ ಬಸ್ಸನ್ನೂ ಹತ್ತಿಸುತ್ತಾರೆ. ನಾನೂ ಹಾಗೆ ಬಸ್ ಹತ್ತಿದ್ದೇನೆ.

ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಪ್ಲಾಂಟೇಶನ್ನಿನಲ್ಲಿ ನಮ್ಮ ನಡಿಗೆ ಎಲ್ಲಿಂದ ಶುರುವಾಗುತ್ತದೆ ಎನ್ನುವುದೇ ನಾವು ಏನನ್ನು ಕಂಡೆವು ಎನ್ನುವುದನ್ನು ತೀರ್ಮಾನಿಸುತ್ತದೆ. ಮುಂಬಾಗಿಲಿನಿಂದ ಹೋದವರಿಗೆ ಮನೆ ಕಾಣುತ್ತದೆ. ಹಿತ್ತಿಲಿನಿಂದ ಹೋದವರಿಗೆ ಆ ಮನೆಯನ್ನು ಯಾರು ದುಡಿದು ನಿಲ್ಲಿಸಿದರು ಎನ್ನುವುದು ಕಾಣುತ್ತದೆ.

ನದಿ ದಂಡೆಯ ದಾರಿ

ನ್ಯೂ ಆರ್ಲಿಯನ್ಸ್‌ನಿಂದ ಬ್ಯಾಟನ್ ರೂಜ್‌ವರೆಗೆ ಮಿಸಿಸಿಪ್ಪಿ ನದಿಯ ಎರಡೂ ದಂಡೆಗಳಲ್ಲಿ ಸಾಗುವ ದಾರಿಗೆ ರಿವರ್ ರೋಡ್ ಎಂದು ಹೆಸರು. ಬೆಳಿಗ್ಗೆ ಹೋಟೆಲಿನ ಮುಂದೆ ಬಸ್ ಬರುತ್ತದೆ, ಸುಮಾರು ಒಂದು ಗಂಟೆಯಲ್ಲಿ ಈ ದಾರಿಗೆ ತಂದು ಬಿಡುತ್ತದೆ. ಬೆಳಿಗ್ಗೆ ಒಂದು ಪ್ಲಾಂಟೇಶನ್, ಮಧ್ಯಾಹ್ನ ಇನ್ನೊಂದು, ಸಂಜೆಗೆ ಊರಿಗೆ ವಾಪಸ್. ಇದು ಸಾಮಾನ್ಯ ಪ್ಯಾಕೇಜು.

ನದಿಯ ಪಕ್ಕದಲ್ಲೇ ಹೋಗುತ್ತಿದ್ದರೂ ನದಿ ಕಾಣುವುದಿಲ್ಲ. ಪ್ರವಾಹ ತಡೆಯಲು ಕಟ್ಟಿದ ಎತ್ತರದ ಮಣ್ಣಿನ ಏರಿ ಕಣ್ಣಿಗೆ ಅಡ್ಡ. ಇನ್ನೊಂದು ಕಡೆ ಇಂದಿಗೂ ಕಬ್ಬಿನ ಗದ್ದೆ. ಗದ್ದೆ ಮುಗಿದಲ್ಲಿ ತೈಲ ಶುದ್ಧೀಕರಣ ಘಟಕ, ರಾಸಾಯನಿಕ ಕಾರ್ಖಾನೆ, ಅವುಗಳ ಚಿಮಣಿ. ಪ್ಲಾಂಟೇಶನ್ನುಗಳ ಜಮೀನು ನದಿಗೆ ಮುಖ ಮಾಡಿದ ಉದ್ದುದ್ದ ಪಟ್ಟಿಗಳಾಗಿತ್ತು. ಅಷ್ಟು ದೊಡ್ಡ ಜಾಗ ಒಂದೇ ಕೈಯಿಂದ ಸಿಕ್ಕಿದ್ದು, ಜೊತೆಗೆ ಹಡಗು ಬರುವಷ್ಟು ಆಳದ ನದಿ ಇದ್ದದ್ದು ಕಾರ್ಖಾನೆಗಳಿಗೆ ಅನುಕೂಲವಾಯಿತು. ಗುಲಾಮರು ಬಿಡುಗಡೆಯ ನಂತರ ಕಟ್ಟಿಕೊಂಡ ಊರುಗಳು ಈ ಚಿಮಣಿಗಳ ನೆರಳಲ್ಲಿವೆ. ಈ ಪಟ್ಟಿಗೆ ಜನ ‘ಕ್ಯಾನ್ಸರ್ ಆ್ಯಲಿ’ ಎನ್ನುತ್ತಾರೆ. ಬಸ್ಸಿನ ಕಿಟಕಿಯಿಂದ ಇಷ್ಟೆಲ್ಲ ಕಾಣುತ್ತದೆ, ಆದರೆ ಟಿಕೆಟ್ಟಿನಲ್ಲಿ ಇದು ಸೇರಿಲ್ಲ.

ಟಿಕೆಟ್ಟಿನಲ್ಲಿ ಸೇರಿರುವುದು ಓಕ್ ಆ್ಯಲಿಯಂಥ ಮನೆ. ಎರಡು ಸಾಲಿನಲ್ಲಿ 28 ಓಕ್ ಮರಗಳು ಸುಮಾರು 800 ಅಡಿ ಉದ್ದಕ್ಕೆ ಚಪ್ಪರ ಹಾಕಿವೆ. ಆ ಚಪ್ಪರದ ಕೊನೆಯಲ್ಲಿ, ಅಷ್ಟೇ ಸಂಖ್ಯೆಯ ದುಂಡು ಕಂಬಗಳ ಮೇಲೆ, 1830ರ ದಶಕದ ಕೊನೆಯಲ್ಲಿ ಕಟ್ಟಿದ ಮನೆ ನಿಂತಿದೆ. ಚೆಂದ ಇಲ್ಲ ಎಂದರೆ ಸುಳ್ಳಾಗುತ್ತದೆ. ಜನ ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುತ್ತಾರೆ, ಪುದೀನ ಹಾಕಿದ ಬರ್ಬನ್ ಪಾನೀಯ ಕೊಂಡು ಹುಲ್ಲಿನ ಮೇಲೆ ಅಡ್ಡಾಡುತ್ತಾರೆ.

ಮುಂಬಾಗಿಲಿನ ಕಥೆ ಹುಟ್ಟಿದ್ದು ಹೇಗೆ

ಮನೆಯಿಂದಲೇ ಶುರುಮಾಡುವ ಈ ಪದ್ಧತಿ ತಾನಾಗಿ ಬಂದದ್ದಲ್ಲ. ಅಂತರ್ಯುದ್ಧ 1865ರಲ್ಲಿ ಮುಗಿದು ಗುಲಾಮಗಿರಿ ರದ್ದಾದ ಮೇಲೆ ಎಷ್ಟೋ ದೊಡ್ಡಮನೆಗಳು ಪಾಳುಬಿದ್ದವು. 1920, 30ರ ದಶಕಗಳಲ್ಲಿ ಹಣವಂತರು ಅವನ್ನು ಕೊಂಡು ದುರಸ್ತಿ ಮಾಡಿಸಿದರು. ಓಕ್ ಆ್ಯಲಿಯನ್ನು ಸ್ಟುವರ್ಟ್ ದಂಪತಿ ಕೊಂಡದ್ದು 1925ರಲ್ಲಿ. ಮಿಸಿಸಿಪ್ಪಿ ರಾಜ್ಯದ ನಾಚೆಜ್ ಪಟ್ಟಣದ ಹೆಂಗಸರು 1932ರಲ್ಲಿ ತಮ್ಮ ಹಳೆಯ ಮನೆಗಳ ಬಾಗಿಲು ತೆರೆದು ಪ್ರತಿ ವಸಂತದಲ್ಲೂ ‘ಯಾತ್ರೆ’ ನಡೆಸತೊಡಗಿದರು. ಬಳೆಯಂತೆ ಉಬ್ಬಿದ ಲಂಗ ತೊಟ್ಟ ಯುವತಿಯರು ಅತಿಥಿಗಳಿಗೆ ಬೆಳ್ಳಿ ಪಾತ್ರೆ, ಪಿಯಾನೋ, ಮಂಚ ತೋರಿಸುತ್ತಿದ್ದರು. 1939ರಲ್ಲಿ ‘ಗಾನ್ ವಿತ್ ದ ವಿಂಡ್’ ಸಿನಿಮಾ ಬಂತು. ಗುಲಾಮರನ್ನು ಹಿನ್ನೆಲೆಗೆ ತಳ್ಳಿ ಯಜಮಾನರ ಸೊಗಸನ್ನು ಮುಂದಕ್ಕೆ ತರುವ ಕಥೆಗೆ ಜಗತ್ತಿನಾದ್ಯಂತ ಪ್ರೇಕ್ಷಕರು ಸಿಕ್ಕರು.

ಈ ಕಥೆ ಎಷ್ಟು ಆಳಕ್ಕೆ ಬೇರು ಬಿಟ್ಟಿತ್ತು ಎನ್ನುವುದನ್ನು ಜೆನಿಫರ್ ಐಖ್‌ಸ್ಟೆಟ್ ಮತ್ತು ಸ್ಟೀಫನ್ ಸ್ಮಾಲ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 2002ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ವರ್ಜೀನಿಯಾ, ಜಾರ್ಜಿಯಾ, ಲೂಸಿಯಾನಾ ರಾಜ್ಯಗಳಲ್ಲಿ ಅವರು ಪ್ಲಾಂಟೇಶನ್ ಮ್ಯೂಸಿಯಮ್ಮುಗಳನ್ನು ಸುತ್ತಿದರು. ಬಹುಪಾಲು ಕಡೆ ಗುಲಾಮರ ಪ್ರಸ್ತಾಪವೇ ಇರಲಿಲ್ಲ, ಇದ್ದರೆ ಅಲ್ಲೊಂದು ಇಲ್ಲೊಂದು ಮಾತು. ಕುರ್ಚಿ ಮೇಜುಗಳ ವಂಶಾವಳಿ ಹೇಳಲು ಇದ್ದ ಪುರುಸೊತ್ತು ಮನುಷ್ಯರ ವಿಷಯಕ್ಕೆ ಇರಲಿಲ್ಲ.

ಕೊಪ್ಪರಿಗೆ

ಹಾಗಾದರೆ ಹಿತ್ತಿಲಲ್ಲಿ ಏನಿತ್ತು? ಹಿತ್ತಿಲಲ್ಲಿ ಒಂದು ಕಾರ್ಖಾನೆ ಇತ್ತು. ಪ್ಲಾಂಟೇಶನ್ ಎಂದರೆ ಮೊದಲು ಕಾರ್ಖಾನೆ, ಆಮೇಲೆ ಮನೆ.

1791ರಲ್ಲಿ ಕೆರಿಬಿಯನ್ನಿನ ಸೇಂಟ್ ಡೊಮಿಂಗ್‌ನ, ಎಂದರೆ ಇಂದಿನ ಹೈಟಿಯ, ಗುಲಾಮರು ದಂಗೆ ಎದ್ದರು. ಜಗತ್ತಿಗೆ ಸಕ್ಕರೆ ಕೊಡುತ್ತಿದ್ದ ಆ ದ್ವೀಪದ ಗಿರಣಿಗಳು ಸುಟ್ಟುಹೋದವು. ಅಲ್ಲಿಂದ ಓಡಿಬಂದ ಕುಶಲಕರ್ಮಿಗಳ ಜ್ಞಾನ ಲೂಸಿಯಾನಾಕ್ಕೆ ಸಿಕ್ಕಿತು. 1795ರಲ್ಲಿ ಎತಿಯೆನ್ ದ ಬೊರೆ ನ್ಯೂ ಆರ್ಲಿಯನ್ಸ್‌ನ ಮಗ್ಗುಲಲ್ಲಿ ಕಬ್ಬಿನ ಹಾಲಿನಿಂದ ಹರಳು ಸಕ್ಕರೆ ತೆಗೆದು ಲಾಭ ಮಾಡಿದ. ನದಿ ದಂಡೆಯ ನೀಲಿ ಗಿಡದ ತೋಟಗಳು ಕೆಲವೇ ವರ್ಷಗಳಲ್ಲಿ ಕಬ್ಬಿಗೆ ತಿರುಗಿದವು.

ಲೂಸಿಯಾನಾದ ಹವೆ ಕಬ್ಬಿಗೆ ಪೂರ್ತಿ ಒಗ್ಗುವಂಥದ್ದಲ್ಲ. ಚಳಿಗಾಲದ ಹಿಮ ಬೀಳುವ ಮೊದಲು ಕಡಿದು, ಅರೆದು, ಬೇಯಿಸಿ ಮುಗಿಸಬೇಕು. ಹೀಗಾಗಿ ಅಕ್ಟೋಬರಿನಿಂದ ವರ್ಷದ ಕೊನೆಯವರೆಗೆ ಆಲೆ ಹಗಲು ರಾತ್ರಿ ನಿಲ್ಲುತ್ತಿರಲಿಲ್ಲ. ಒಂದೇ ಒಲೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೊಪ್ಪರಿಗೆಗಳು. ಕುದಿಯುವ ಹಾಲನ್ನು ಉದ್ದ ಹಿಡಿಯ ಸೌಟಿನಿಂದ ಒಂದರಿಂದ ಇನ್ನೊಂದಕ್ಕೆ ಸುರಿಯಬೇಕು, ನೊರೆ ತೆಗೆಯಬೇಕು, ಕೊನೆಯ ಕೊಪ್ಪರಿಗೆಯಲ್ಲಿ ಪಾಕದ ಹದ ಹಿಡಿಯಬೇಕು. ಮಂಡ್ಯ ಕಡೆಯ ಆಲೆಮನೆ ನೋಡಿದವರಿಗೆ ಈ ಕೆಲಸ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿ ಕೂಲಿ ಇರಲಿಲ್ಲ, ಬೇಡ ಎಂದು ಎದ್ದು ಹೋಗುವ ಹಾಗಿರಲಿಲ್ಲ. ಅಮೆರಿಕದ ಬೇರೆ ಕಡೆ ಗುಲಾಮರಲ್ಲಿ ಹುಟ್ಟುವವರ ಸಂಖ್ಯೆ ಸಾಯುವವರಿಗಿಂತ ಹೆಚ್ಚಿತ್ತು, ಲೂಸಿಯಾನಾದ ಕಬ್ಬಿನ ಸೀಮೆಯಲ್ಲಿ ಅದು ತಿರುವುಮುರುವಾಗಿತ್ತು. ಕೊರತೆ ಬಿದ್ದ ಕೈಗಳನ್ನು ವರ್ಜೀನಿಯಾ, ಮೇರಿಲ್ಯಾಂಡ್‌ಗಳಿಂದ ತರಿಸುತ್ತಿದ್ದರು. 1838ರಲ್ಲಿ ಮೇರಿಲ್ಯಾಂಡಿನ ಜೆಸ್ಯುಟ್ ಪಾದ್ರಿಗಳು, ಸಾಲದಲ್ಲಿದ್ದ ಜಾರ್ಜ್‌ಟೌನ್ ಕಾಲೇಜನ್ನು ಉಳಿಸಿಕೊಳ್ಳಲೆಂದು 272 ಮಂದಿಯನ್ನು ಮಾರಿದ್ದು ಇದೇ ಸೀಮೆಯ ಮಾಲೀಕರಿಗೆ.

ಕೊಪ್ಪರಿಗೆಗಳ ಆ ಸಾಲನ್ನು ಕೊನೆಗೆ ಮೂಲೆಗೆ ಸರಿಸಿದವನು ನಾರ್ಬರ್ಟ್ ರಿಲ್ಯೂ. 1806ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದವನು. ತಂದೆ ಬಿಳಿಯ, ತಾಯಿ ಗುಲಾಮಳಲ್ಲದ ಕಪ್ಪು ವಂಶದವಳು. ಪ್ಯಾರಿಸ್ಸಿನಲ್ಲಿ ಓದಿ ಬಂದ ಆತ 1843ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಮೊದಲ ಪಾತ್ರೆಯಲ್ಲಿ ಎದ್ದ ಹಬೆಯೇ ಎರಡನೆಯದನ್ನು ಕಾಯಿಸುತ್ತದೆ, ಎರಡನೆಯದರ ಹಬೆ ಮೂರನೆಯದನ್ನು. ಒತ್ತಡ ಇಳಿಸುತ್ತಾ ಹೋಗುವುದರಿಂದ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಸೌದೆ ಉಳಿಯಿತು, ಸಕ್ಕರೆ ಸೀಯುವುದು ತಪ್ಪಿತು. 1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್‌ನಿಂದ ಹಿಡಿದು ಬೆಳಗಾವಿಯ ಸಹಕಾರಿ ಕಾರ್ಖಾನೆಗಳವರೆಗೆ ನಮ್ಮಲ್ಲೂ ಕಬ್ಬಿನ ಹಾಲು ಇಂಗುವುದು ಇದೇ ತತ್ವದಿಂದ. ನಮ್ಮ ಕಾಫಿ ಲೋಟದೊಳಕ್ಕೆ ಈ ಚರಿತ್ರೆ ಬಂದು ಸೇರಿರುವುದು ಹೀಗೆ.

ಆಂಟ್ವಾನ್‌ನ ಬೆಲೆ

ಓಕ್ ಆ್ಯಲಿಯ ಯಜಮಾನ ಜಾಕ್ ರೊಮಾನ್ 1848ರಲ್ಲಿ ತೀರಿಕೊಂಡ. ಆಸ್ತಿಯ ಪಟ್ಟಿ ತಯಾರಾಯಿತು. ಆ ಪಟ್ಟಿಯಲ್ಲಿ ಆಂಟ್ವಾನ್ ಎಂಬಾತ ಇದ್ದಾನೆ: ತೋಟಗಾರ, ಪೆಕಾನ್ ಮರಕ್ಕೆ ಕಸಿ ಕಟ್ಟುವುದರಲ್ಲಿ ನಿಪುಣ, ಬೆಲೆ 1,000 ಡಾಲರ್. ಅಡ್ಡಹೆಸರಿಲ್ಲ. ಅದಕ್ಕೆ ಒಂದೆರಡು ವರ್ಷ ಹಿಂದೆ, ಚಳಿಗಾಲದಲ್ಲಿ, ಆತ 16 ಪೆಕಾನ್ ಮರಗಳಿಗೆ ಕಸಿ ಕಟ್ಟಿ ಗೆದ್ದಿದ್ದ. ವಿದ್ಯಾವಂತರು ಪ್ರಯತ್ನಿಸಿ ಸೋತಿದ್ದ ಕೆಲಸ ಅದು. ಕೈಯಲ್ಲೇ ಒಡೆಯಬಹುದಾದ ತೆಳು ಚಿಪ್ಪಿನ ಆ ತಳಿ 1876ರ ಫಿಲಡೆಲ್ಫಿಯಾ ಶತಮಾನೋತ್ಸವ ಪ್ರದರ್ಶನದಲ್ಲಿ ಮೆಚ್ಚುಗೆ ಪಡೆದು ‘ಸೆಂಟೆನಿಯಲ್’ ಎಂಬ ಹೆಸರು ಹೊತ್ತಿತು. ತಳಿಗೆ ಹೆಸರು ಬಂತು, ಆಂಟ್ವಾನ್‌ಗೆ ಬರಲಿಲ್ಲ.

ಈಗ ಓಕ್ ಆ್ಯಲಿಯಲ್ಲೂ ಗುಲಾಮರ ಗುಡಿಸಲುಗಳನ್ನು ಮತ್ತೆ ಕಟ್ಟಿದ್ದಾರೆ, ಗೋಡೆಯ ಮೇಲೆ ಹೆಸರುಗಳನ್ನು ಬರೆದಿದ್ದಾರೆ, ಆಂಟ್ವಾನ್‌ನ ಕಥೆಯನ್ನೂ ಹೇಳುತ್ತಾರೆ. ನ್ಯೂ ಆರ್ಲಿಯನ್ಸ್‌ನ ಅಂಗಡಿ ಅಂಗಡಿಯಲ್ಲಿ ಪ್ರಲೀನ್ ಎಂಬ ಮಿಠಾಯಿ ಮಾರುತ್ತಾರೆ, ನಮ್ಮವರು ಊರಿಗೆ ಕಟ್ಟಿಸಿಕೊಂಡು ಬರುತ್ತಾರೆ. ಅದರಲ್ಲಿರುವುದು ಮುಖ್ಯವಾಗಿ ಎರಡು ವಸ್ತು: ಸಕ್ಕರೆ ಮತ್ತು ಪೆಕಾನ್. ಕೊಪ್ಪರಿಗೆ ಮತ್ತು ಆಂಟ್ವಾನ್ ಗೊತ್ತಿದ್ದವರಿಗೆ ಆ ಪೊಟ್ಟಣವೇ ಒಂದು ಮ್ಯೂಸಿಯಂ.

ದಾರಿ ತಿರುಗಿಸಿದವರು

2014ರ ಡಿಸೆಂಬರಿನಲ್ಲಿ ವಾಲೇಸ್ ಎಂಬ ಹಳ್ಳಿಯ ವಿಟ್ನಿ ಪ್ಲಾಂಟೇಶನ್ ಸಾರ್ವಜನಿಕರಿಗೆ ತೆರೆಯಿತು. ಇದನ್ನು ಕೊಂಡು ಕಟ್ಟಿದವರು ಜಾನ್ ಕಮಿಂಗ್ಸ್ ಎಂಬ ನ್ಯೂ ಆರ್ಲಿಯನ್ಸ್ ವಕೀಲರು. ಸಂಶೋಧನೆಯ ಹೊಣೆ ಹೊತ್ತವರು ಸೆನೆಗಲ್ ದೇಶದ ಇತಿಹಾಸಕಾರ ಇಬ್ರಾಹಿಮಾ ಸೆಕ್. ಇಲ್ಲಿ ದೊಡ್ಡಮನೆ ಕೊನೆಗೆ ಬರುತ್ತದೆ. ಮೊದಲು ಒಂದು ಚರ್ಚು. ಬಿಡುಗಡೆಯಾದವರು ನದಿಯ ಆಚೆ ದಂಡೆಯಲ್ಲಿ ಕಟ್ಟಿಕೊಂಡಿದ್ದನ್ನು ಇಲ್ಲಿಗೆ ತಂದು ನಿಲ್ಲಿಸಿದ್ದಾರೆ. ಒಳಗೆ ಬೆಂಚುಗಳ ನಡುವೆ ಮಣ್ಣಿನಲ್ಲಿ ಮಾಡಿದ ಮಕ್ಕಳು ನಿಂತಿದ್ದಾರೆ, ಕೂತಿದ್ದಾರೆ. 1930ರ ದಶಕದಲ್ಲಿ ಸರ್ಕಾರ ಬರಹಗಾರರನ್ನು ಕಳಿಸಿ, ಬದುಕುಳಿದಿದ್ದ ಮಾಜಿ ಗುಲಾಮರ ಮಾತುಗಳನ್ನು ಬರೆಸಿಕೊಂಡಿತು. ಆ ಹೊತ್ತಿಗೆ ಅವರು ಮುದುಕರು, ಗುಲಾಮಗಿರಿಯಲ್ಲಿದ್ದಾಗ ಮಕ್ಕಳು. ಶಿಲ್ಪಿ ವುಡ್ರೋ ನ್ಯಾಶ್ ಅವರನ್ನು ಆ ವಯಸ್ಸಿನಲ್ಲೇ ರೂಪಿಸಿದ್ದಾರೆ.

ಮುಂದೆ ಹೋದರೆ ಕಲ್ಲಿನ ಗೋಡೆಗಳ ಮೇಲೆ ಹೆಸರುಗಳು, ಒಟ್ಟು 1,07,000. ಗ್ವೆಂಡೊಲಿನ್ ಮಿಡ್ಲೊ ಹಾಲ್ ಎಂಬ ಇತಿಹಾಸಕಾರ್ತಿ ಲೂಸಿಯಾನಾದ ಕೋರ್ಟು ಕಚೇರಿಗಳ ಫ್ರೆಂಚ್, ಸ್ಪ್ಯಾನಿಷ್, ಇಂಗ್ಲಿಷ್ ಕಡತಗಳನ್ನು ವರ್ಷಗಟ್ಟಲೆ ಜಾಲಾಡಿ ಸಂಗ್ರಹಿಸಿದ ಹೆಸರುಗಳಿವು. ಕ್ರಯಪತ್ರ, ಅಡಮಾನ, ಆಸ್ತಿಪಟ್ಟಿ, ಹೀಗೆ ಮನುಷ್ಯರಿಗೆ ಬೆಲೆ ಕಟ್ಟಲು ಬರೆದ ಕಾಗದಗಳೇ ಅವರ ಹೆಸರನ್ನು ಉಳಿಸಿಕೊಟ್ಟವು. ಇನ್ನೊಂದು ಅಂಗಳದಲ್ಲಿ, ವಿಟ್ನಿ ಇರುವ ಪ್ಯಾರಿಷ್ (ಅಲ್ಲಿನ ಜಿಲ್ಲೆ) ಒಂದರಲ್ಲೇ ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಸುಮಾರು 2,200 ಗುಲಾಮ ಮಕ್ಕಳ ಹೆಸರುಗಳಿವೆ. ಒಂದು ಮೂಲೆಯಲ್ಲಿ ಕಂಬಿಗಳ ಮೇಲೆ ತಲೆಗಳ ಪ್ರತಿಮೆಗಳು. 1811ರ ಜನವರಿ 8ರ ರಾತ್ರಿ ಚಾರ್ಲ್ಸ್ ಡೆಲೋಂಡ್ ಎಂಬಾತನ ಮುಂದಾಳ್ತನದಲ್ಲಿ ನೂರಾರು ಗುಲಾಮರು ಇದೇ ನದಿ ದಾರಿ ಹಿಡಿದು ನ್ಯೂ ಆರ್ಲಿಯನ್ಸ್ ಕಡೆಗೆ ಹೊರಟರು. ಎರಡೇ ದಿನದಲ್ಲಿ ಅವರನ್ನು ಹತ್ತಿಕ್ಕಿ, ಕಡಿದ ತಲೆಗಳನ್ನು ಏರಿಯುದ್ದಕ್ಕೂ ನೆಟ್ಟರು. ವಿಚಾರಣೆಯ ಶಾಸ್ತ್ರ ನಡೆದ ಡೆಸ್ಟ್ರೆಹಾನ್ ಪ್ಲಾಂಟೇಶನ್ ಕೂಡ ಇಂದು ಪ್ರವಾಸಿ ತಾಣ.

ವಿಟ್ನಿಯ ಬಗ್ಗೆ ಆಕ್ಷೇಪಗಳೂ ಇವೆ. ಬೇರೆ ಕಡೆಯ ಕಟ್ಟಡ ತಂದದ್ದು, ಹೊಸದಾಗಿ ಶಿಲ್ಪ ನಿಲ್ಲಿಸಿದ್ದು ಚರಿತ್ರೆಯೋ ರಂಗಸಜ್ಜಿಕೆಯೋ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಮೇಣದಬತ್ತಿ, ರೇಷ್ಮೆ ಪರದೆ ಜೋಡಿಸಿದ ಊಟದ ಕೋಣೆಗಳಿಗೂ ಅದೇ ಪ್ರಶ್ನೆ ಹಾಕಬೇಕಲ್ಲವೇ?

ಹತ್ತಿರದ ಲಾರಾ ಪ್ಲಾಂಟೇಶನ್ ಇನ್ನೊಂದು ದಾರಿ ತೋರಿಸುತ್ತದೆ. ಅಲ್ಲಿನ ಮಾರ್ಗದರ್ಶಿಯ ಕೈಯಲ್ಲಿರುವುದು ಯಜಮಾನರ ಮನೆಮಗಳು ಲಾರಾ ಲೊಕೂಲ್ ಬರೆದಿಟ್ಟ ನೆನಪುಗಳು. ಚಿಕ್ಕವಳಿದ್ದಾಗ ಒಬ್ಬ ಮುದುಕನ ಮುಖದ ಮೇಲೆ ಕಂಡ ಗುರುತಿನ ಬಗ್ಗೆ ಆಕೆ ಬರೆಯುತ್ತಾಳೆ. ಓಡಿಹೋಗಿದ್ದಕ್ಕೆ ಕಾದ ಕಬ್ಬಿಣದಿಂದ ಹಾಕಿದ ಬರೆ ಅದು. ಇಂಥ ಸಾಕ್ಷ್ಯ ಇರುವ ಕಡೆ ಮುಂಬಾಗಿಲಿನಿಂದ ಹೋದರೂ ಹಿತ್ತಿಲು ಮುಟ್ಟಬಹುದು.

ಉರಿದ ಮನೆ, ಉಳಿದ ಜನ

2025ರ ಮೇ 15ರಂದು ನಾಟೊವೇ ಎಂಬ ದೊಡ್ಡಮನೆಗೆ ಬೆಂಕಿ ಬಿತ್ತು. 1859ರಲ್ಲಿ ಮುಗಿದ, ಸುಮಾರು 53,000 ಚದರಡಿಯ ಮರದ ಅರಮನೆ ಅದು. ರೆಸಾರ್ಟ್ ಆಗಿತ್ತು, ಮದುವೆಗಳು ನಡೆಯುತ್ತಿದ್ದವು. ಕೆಲವರು ಅತ್ತರು, ಕೆಲವರು ಹರ್ಷಪಟ್ಟರು. ಎರಡೂ ನನಗೆ ಅರ್ಥವಾಗುತ್ತದೆ. ಪ್ಲಾಂಟೇಶನ್ ಮದುವೆಗಳ ಬಗ್ಗೆ ಆಕ್ಷೇಪ ಎದ್ದು, 2019ರಲ್ಲಿ ಪಿಂಟರೆಸ್ಟ್‌ನಂಥ ಕಂಪನಿಗಳು ಅವಕ್ಕೆ ಪ್ರಚಾರ ಕೊಡುವುದನ್ನು ನಿಲ್ಲಿಸಿದ್ದವು. ಆದರೆ ಆ ಮನೆಯ ತೊಲೆ, ಇಟ್ಟಿಗೆಗಳಲ್ಲಿ ಗುಲಾಮರ ಕೈಕೆಲಸವೂ ಇತ್ತು, ಅದೂ ಬೂದಿಯಾಯಿತು.

ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು ಬೆಳವಣಿಗೆ. 1811ರ ದಂಗೆ ಹೊತ್ತಿಕೊಂಡ ವುಡ್‌ಲ್ಯಾಂಡ್ ಪ್ಲಾಂಟೇಶನ್ನಿನ ಮನೆಯನ್ನು 2024ರಲ್ಲಿ ಜಾಯ್ ಮತ್ತು ಜೋ ಬ್ಯಾನರ್ ಎಂಬ ಅವಳಿ ಸಹೋದರಿಯರು ಕೊಂಡರು. ಈ ಸೀಮೆಯ ಗುಲಾಮರ ವಂಶದವರು. ಇವರ ಸಂಸ್ಥೆ ವಾಲೇಸ್‌ನಲ್ಲಿ ಬರಲಿದ್ದ ಭಾರಿ ಧಾನ್ಯ ಸಾಗಣೆ ಟರ್ಮಿನಲ್ ವಿರುದ್ಧ ಹೋರಾಡಿತು. ಅದೇ ವರ್ಷ ಕಂಪನಿ ಯೋಜನೆ ಕೈಬಿಟ್ಟಿತು. ಹಿತ್ತಿಲಲ್ಲಿದ್ದವರ ಮಕ್ಕಳ ಕೈಗೆ ದೊಡ್ಡಮನೆಯ ಬೀಗದ ಕೈ ಬಂದಿದೆ. ಯಾವ ಕಥೆ ಹೇಳಬೇಕು ಎನ್ನುವುದನ್ನು ಇನ್ನು ಅವರೇ ನಿರ್ಧರಿಸುತ್ತಾರೆ.

ಸ್ನೇಹಿತರೇ, ನಿಮ್ಮಲ್ಲಿ ಯಾರಾದರೂ ಆ ಬಸ್ ಹತ್ತುವವರಿದ್ದರೆ ನನ್ನ ಸಲಹೆ ಇಷ್ಟೇ. ಟಿಕೆಟ್ ಕೊಳ್ಳುವ ಮೊದಲು ಯಾವ ಮನೆ ಚೆಂದ ಎಂದು ಕೇಳಬೇಡಿ, ಗುಲಾಮರ ವಿಷಯ ಎಷ್ಟು ಹೊತ್ತು ಹೇಳುತ್ತೀರಿ ಎಂದು ಕೇಳಿ. ಒಳಗೆ ಹೋದ ಮೇಲೆ ಈ ಕಂಬ ಎತ್ತಿದವರು ಯಾರು, ಅವರ ಹೆಸರು ಗೊತ್ತೇ, ಅವರ ಮೊಮ್ಮಕ್ಕಳು ಈಗೆಲ್ಲಿದ್ದಾರೆ ಎಂದು ಕೇಳಿ. ಮಾರ್ಗದರ್ಶಿಗೆ ಉತ್ತರ ಗೊತ್ತಿದ್ದರೆ ನಿಮ್ಮ ಪುಣ್ಯ. ಗೊತ್ತಿಲ್ಲದಿದ್ದರೂ ನಷ್ಟವಿಲ್ಲ. ನಾಲ್ಕು ಜನ ಅದೇ ಪ್ರಶ್ನೆ ಕೇಳಿದರೆ ಐದನೆಯವರು ಬರುವಷ್ಟರಲ್ಲಿ ಆತ ಓದಿಕೊಂಡಿರುತ್ತಾನೆ. ಪ್ರವಾಸೋದ್ಯಮ ನಡೆಯುವುದು ಗಿರಾಕಿಯ ಮರ್ಜಿಯಲ್ಲಿ. ಬೆಳ್ಳಿ ಪಾತ್ರೆ ಕೇಳಿದ ಗಿರಾಕಿಗೆ ನೂರು ವರ್ಷ ಬೆಳ್ಳಿ ಪಾತ್ರೆ ತೋರಿಸಿದ ದಾರಿ ಅದು. ಹೆಸರು ಕೇಳುವ ಗಿರಾಕಿಗಳು ಹೆಚ್ಚಿದರೆ ಹೆಸರುಗಳನ್ನೂ ತೋರಿಸಲೇಬೇಕಾಗುತ್ತದೆ.