ಪಳಗದ ಬೆಕ್ಕಿನ ಬಾಣಂತನ

(ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಹೊಲಿಗೆ ತರಬೇತಿ ಕೇಂದ್ರದ ಸದಸ್ಯೆಯರು ಹಂಚಿಕೊಂಡ ಮಾತಿನ ಬರಹ ರೂಪ)



ಪ್ರತಿ ತಿಂಗಳು ಇಲ್ಲಿ ಉಳಿತಾಯ, ಸಾಲ, ಮಲ್ಲಿಗೆ ಕೃಷಿ, ಮಕ್ಕಳ ಆರೋಗ್ಯ ಎಂದು ಒಂದಲ್ಲ ಒಂದು ವಿಷಯ ಮಾತಾಡುತ್ತೇವೆ. ಈ ಸಲ ನಮ್ಮನ್ನು ಕರೆದು "ನಿಮ್ಮ ಬೆಕ್ಕಿನ ಕಥೆ ಹೇಳಿ" ಅಂದಾಗ ನಮಗೇ ನಗು ಬಂತು. ಬೆಕ್ಕಿನ ಬಗ್ಗೆ ಭಾಷಣ ಮಾಡ್ಲಿಕ್ಕೆ ಏನುಂಟು ಮಾರಾಯ್ರೆ ಅಂತ. ಆದರೆ ಕೂತು ಯೋಚಿಸಿದಾಗ ಹೇಳಬೇಕಾದ ಸಂಗತಿ ಇದೆ ಅನ್ನಿಸಿತು. ಮೊದಲು ನಮ್ಮ ತಪ್ಪನ್ನು ಹೇಳುತ್ತೇವೆ. ಆಮೇಲೆ ಆ ತಪ್ಪಿನಿಂದ ಕಲಿತದ್ದನ್ನು.

ಮೂರು ವರ್ಷದ ಹಿಂದೆ ಒಂದು ಬೀದಿ ಬೆಕ್ಕು ನಮ್ಮ ಕೇಂದ್ರದ ಚಿಂದಿ ಬಟ್ಟೆಯ ಚೀಲದ ಹಿಂದೆ ಐದು ಮರಿ ಹಾಕಿತು. ನಮಗೆ ಖುಷಿಯೋ ಖುಷಿ. ಊಟದ ಹೊತ್ತಿಗೆ ಒಬ್ಬರು, ಚಹಾದ ಹೊತ್ತಿಗೆ ಇನ್ನೊಬ್ಬರು ಹೋಗಿ ಚೀಲ ಸರಿಸಿ ನೋಡುವುದು, ಮಕ್ಕಳನ್ನು ಕರೆತಂದು ತೋರಿಸುವುದು. "ಪಾಪ, ನೆಲ ತಂಪು" ಅಂತ ಮರಿಗಳನ್ನು ಎತ್ತಿ ಬುಟ್ಟಿಯಲ್ಲಿಟ್ಟೆವು. ಎರಡನೇ ರಾತ್ರಿ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಯಿತು. ಹೊರಗೆ ಜೋರು ಮಳೆ. ಎರಡು ದಿನ ಕಳೆದು ಪಕ್ಕದ ಹಟ್ಟಿಯ ಗೋಡೆ ಬದಿಯಲ್ಲಿ ಮೂರು ಮರಿ ನೆನೆದು ಸತ್ತು ಬಿದ್ದಿದ್ದವು. ಉಳಿದೆರಡು ಏನಾದವೋ ಗೊತ್ತಿಲ್ಲ.

"ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸ್ತದೆ, ಅದರ ಗುಣವೇ ಹಾಗೆ" ಎಂದು ಹಿರಿಯರು ಸಮಾಧಾನ ಹೇಳಿದರು. ನಾವೂ ಹಾಗೇ ಹೇಳಿಕೊಂಡೆವು. ಆದರೆ ಬೆಕ್ಕು ಸುಮ್ಮನೆ ಮನೆ ಬದಲಿಸುವುದಿಲ್ಲ. ಜಾಗ ಕ್ಷೇಮ ಅಲ್ಲ ಅನ್ನಿಸಿದರೆ ಬದಲಿಸುತ್ತದೆ. ಆ ಜಾಗವನ್ನು ಕ್ಷೇಮ ಅಲ್ಲದ ಹಾಗೆ ಮಾಡಿದವರು ನಾವೇ.

ಎರಡನೇ ಬೆಕ್ಕು

ಕಳೆದ ಮಳೆಗಾಲದ ಆರಂಭದಲ್ಲಿ ಪಕ್ಕದ ಜಾಗದ ಹಳೆಯ ಹಂಚಿನ ಶೆಡ್ಡಿನಲ್ಲಿ ಒಂದು ಬೂದು ಪಟ್ಟೆಯ ಬೆಕ್ಕು ಕಾಣಿಸಿತು. ಹೊಟ್ಟೆ ಜೋತು ಬಿದ್ದಿತ್ತು. ಮನುಷ್ಯರನ್ನು ಕಂಡರೆ ಹಲ್ಲು ಕಿರಿದು ಬುಸ್ಸೆನ್ನುತ್ತಿತ್ತು. ಮನೆ ಬೆಕ್ಕು ದಾರಿ ತಪ್ಪಿ ಬಂದದ್ದಲ್ಲ, ಬೀದಿಯಲ್ಲೇ ಹುಟ್ಟಿ ಬೆಳೆದದ್ದು ಅಂತ ನೋಡಿದರೇ ತಿಳಿಯುತ್ತಿತ್ತು.

ಇಂಥ ಬೆಕ್ಕನ್ನು ಹಿಡಿಯದೆ, ಇದ್ದಲ್ಲೇ ಊಟ ನೀರು ಇಟ್ಟು ಬಿಡುವುದೇ ಒಳ್ಳೆಯದು. ಆದರೆ ಆ ಶೆಡ್ಡು ಕೆಡವಲು ಎಂಟು ದಿನದಲ್ಲಿ ಜೆಸಿಬಿ ಬರುವುದಿತ್ತು. ಮರಿ ಹಾಕಿದ ಮೇಲೆ ಜೆಸಿಬಿ ಬಂದರೆ? ಅದಕ್ಕೇ ಹಿಡಿದು ತರುವುದೆಂದು ತೀರ್ಮಾನಿಸಿದೆವು. ಮೊದಲು ಪಶು ವೈದ್ಯರನ್ನು ಕೇಳಿದೆವು. ಬೆಕ್ಕಿನ ಗರ್ಭ ಸುಮಾರು 63ರಿಂದ 65 ದಿನ, ಅಂದರೆ ಒಂಬತ್ತು ವಾರ. ಆದರೆ ಬೀದಿ ಬೆಕ್ಕಿಗೆ ದಿನ ಎಣಿಸಿದವರು ಯಾರು? ಮೊಲೆತೊಟ್ಟು ಗುಲಾಬಿಯಾಗಿ ಉಬ್ಬಿದೆಯಾ, ಮಲಗಿದಾಗ ಹೊಟ್ಟೆಯೊಳಗೆ ಮರಿ ಅಲುಗುವುದು ಕಾಣುತ್ತದಾ ಎಂದು ಕೇಳಿದರು. ಹೌದು ಅಂದಾಗ, "ಇನ್ನು ಹೆಚ್ಚು ದಿನ ಇಲ್ಲ, ಹಿಡಿಯುವುದಾದರೆ ಈಗಲೇ ಹಿಡಿಯಿರಿ, ಓಡಿಸಿ ಹಿಡಿಯಬೇಡಿ" ಅಂದರು.

ಗೋಣಿ ಮುಚ್ಚಿ ಹಿಡಿಯುವುದು, ನಾಲ್ಕು ಜನ ಸುತ್ತುಗಟ್ಟುವುದು ಬೇಡವೇ ಬೇಡ. ನಾವು ಒಂದು ಬೋನು ತಂದು, ಬಾಗಿಲನ್ನು ತೆರೆದೇ ಇರುವ ಹಾಗೆ ಹಗ್ಗದಿಂದ ಕಟ್ಟಿ, ನಾಲ್ಕು ದಿನ ಅದರೊಳಗೇ ಮೀನು ಇಟ್ಟೆವು. ಮೊದಲ ದಿನ ಬಾಗಿಲ ಬಳಿ, ನಾಲ್ಕನೇ ದಿನ ಒಳಗಿನ ಮೂಲೆಯಲ್ಲಿ. ಐದನೇ ದಿನ ಹಗ್ಗ ಬಿಚ್ಚಿದೆವು. ಬಾಗಿಲು ಬಿದ್ದ ಕೂಡಲೇ ಬೆಡ್‌ಶೀಟ್ ಹೊದಿಸಿದೆವು. ಕತ್ತಲಾದರೆ ಬೆಕ್ಕಿನ ಗಾಬರಿ ಇಳಿಯುತ್ತದೆ.

ಕೋಣೆ ಹೇಗಿರಬೇಕು

ಕೇಂದ್ರದ ಹಿಂದೆ ಬಳಕೆಯಿಲ್ಲದ ಒಂದು ಬಚ್ಚಲುಕೋಣೆ ಇತ್ತು. ನೀರು ಹೋಗುವ ತೂತಿಗೆ ಜಾಲರಿ ಮುಚ್ಚಿದೆವು, ಕಿಟಕಿಗೆ ಬಲೆ ಹೊಡೆದೆವು. ಒಳಗಿದ್ದ ಫಿನಾಯಿಲ್ ಬಾಟ್ಲಿ, ನುಸಿಗುಳಿಗೆ ಎಲ್ಲ ಹೊರಗೆ. ಇದನ್ನು ದಯವಿಟ್ಟು ಗಮನಿಸಿ. ನಾವೆಲ್ಲ ಬಾಣಂತಿ ಕೋಣೆ ಅಂದರೆ ಫಿನಾಯಿಲ್, ಡೆಟಾಲ್ ಹಾಕಿ ಒರೆಸುವವರು. ಬೆಕ್ಕಿಗೆ ಅದೇ ವಿಷ. ಅದು ಪಾದಕ್ಕೆ ಅಂಟಿದ್ದನ್ನೆಲ್ಲ ನೆಕ್ಕಿ ನುಂಗುತ್ತದೆ, ಅದರ ಶರೀರಕ್ಕೆ ಆ ರಾಸಾಯನಿಕವನ್ನು ಅರಗಿಸುವ ಶಕ್ತಿ ಇಲ್ಲ. ನಾವು ಸಾಬೂನು ನೀರಲ್ಲಿ ತೊಳೆದು, ಚೆನ್ನಾಗಿ ನೀರು ಹೊಯ್ದು ಒಣಗಿಸಿದೆವು.

ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬೋರಲು ಹಾಕಿ ಒಂದು ಬದಿಯಲ್ಲಿ ಬಾಗಿಲು ಕೊರೆದೆವು. ಮರಿಗಳು ಉರುಳಿ ಹೊರಗೆ ಬಾರದ ಹಾಗೆ ಕೆಳಗೆ ಒಂದು ಗೇಣು ತಡೆ ಬಿಟ್ಟೆವು. ಒಳಗೆ ಪೇಪರು, ಅದರ ಮೇಲೆ ಹಳೆಯ ಬೆಡ್‌ಶೀಟ್. ಹೊಲಿಗೆ ಕೇಂದ್ರ ತಾನೇ, ಚಿಂದಿಗೆ ಬರವಿಲ್ಲ. ಆದರೆ ಚಿಂದಿ ಹಾಕಲಿಲ್ಲ. ನೂಲು ಬಿಟ್ಟುಕೊಂಡರೆ ಮರಿಯ ಕಾಲಿಗೋ ಕುತ್ತಿಗೆಗೋ ಸುತ್ತಿಕೊಳ್ಳುತ್ತದೆ. ದೂರದ ಮೂಲೆಯಲ್ಲಿ ಅಗಲ ತಟ್ಟೆಯಲ್ಲಿ ಹೊಯಿಗೆ. ಮತ್ತೊಂದು ಮೂಲೆಯಲ್ಲಿ ಊಟ, ನೀರು.

ಊಟಕ್ಕೆ ಉಪ್ಪು ಖಾರ ಇಲ್ಲದೆ ಬೇಯಿಸಿ ಮುಳ್ಳು ತೆಗೆದ ಮೀನು, ಕೋಳಿ ಮಾಂಸ, ಮೊಟ್ಟೆ. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಮರಿಗಳ ಆಹಾರ ಸಿಕ್ಕಿದರೆ ಅದು ಇನ್ನೂ ಒಳ್ಳೆಯದು, ಬಸುರಿ ಬೆಕ್ಕಿಗೂ ಅದನ್ನೇ ಕೊಡಬಹುದು. ಬರೀ ಅನ್ನ ಹಾಲು ಸಾಲದು. ದನದ ಹಾಲು ಕುಡಿದರೆ ಎಷ್ಟೋ ಬೆಕ್ಕುಗಳಿಗೆ ಭೇದಿಯಾಗುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬೆಂದ ಸಾರು ಬೇಡ. ಮೈ ಬಿಸಿ ಇದೆ ಅಂತ ಪ್ಯಾರಸಿಟಮಾಲ್ ಮಾತ್ರ ಕೊಡಲೇಬೇಡಿ, ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಹುದು.

ದೂರ ಇರುವುದೇ ಸೇವೆ

ಮೊದಲ ದಿನ ಅದು ಏನೂ ತಿನ್ನಲಿಲ್ಲ. ಪೆಟ್ಟಿಗೆಯ ಹಿಂದೆ ಮುದುಡಿ ಕೂತಿತ್ತು. ನಮ್ಮಲ್ಲೊಬ್ಬರು, "ಒಮ್ಮೆ ಮೈ ಸವರಿದರೆ ಹೊಂದಿಕೊಂಡೀತು" ಅಂದರು. ಆಗ ನಮ್ಮಲ್ಲಿ ಹೊಲಿಗೆ ಕಲಿಯಲು ಬರುತ್ತಿದ್ದ, ಏಳು ತಿಂಗಳ ಬಸುರಿ ತಂಗಿಯೊಬ್ಬಳು ಹೇಳಿದ ಮಾತು ನಮಗಿನ್ನೂ ನೆನಪಿದೆ. "ಅಕ್ಕ, ನನಗೂ ಈಗ ಬಂದವರೆಲ್ಲ ಹೊಟ್ಟೆ ಮುಟ್ಟಿ ನೋಡುವುದು ಆಗುವುದಿಲ್ಲ. ಅದನ್ನು ಒಂದು ಸಲ ಬಿಡಿ" ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಆ ದಿನವೇ ನಿಯಮ ಮಾಡಿದೆವು. ಕೋಣೆಗೆ ಹೋಗುವವರು ಒಬ್ಬರೇ, ದಿನಕ್ಕೆ ಎರಡೇ ಸಲ, ಒಂದೇ ಹೊತ್ತಿಗೆ. ಒಳಗೆ ಹೋದವರು ಬೆಕ್ಕಿನ ಕಣ್ಣಿಗೆ ಕಣ್ಣು ಕೊಡಬಾರದು. ಊಟ ಇಟ್ಟು, ಹೊಯಿಗೆ ಬದಲಿಸಿ ಬರಬೇಕು. ಮಕ್ಕಳಿಗೆ ಪ್ರವೇಶವಿಲ್ಲ. ಎರಡನೇ ರಾತ್ರಿ ತಟ್ಟೆ ಖಾಲಿಯಾಯಿತು. ಆ ಖಾಲಿ ತಟ್ಟೆ ನೋಡಿ ನಮಗಾದ ಸಂತೋಷ ಅಷ್ಟಿಷ್ಟಲ್ಲ.

ಆ ಬಸುರಿ ತಂಗಿಗೂ ಕೋಣೆಯ ಕೆಲಸ ಕೊಡಲಿಲ್ಲ. ಕೆಲವು ಬೆಕ್ಕುಗಳ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಇರುತ್ತದೆ, ಅದು ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು. ಮಲ ಹೊರಬಿದ್ದು ಒಂದು ದಿನವಾದರೂ ಕಳೆದ ಮೇಲೆಯೇ ಆ ರೋಗಾಣು ಅಂಟುವ ಸ್ಥಿತಿಗೆ ಬರುತ್ತದೆ. ಆದ್ದರಿಂದ ದಿನಾಲೂ ಹೊಯಿಗೆ ತೆಗೆಯಬೇಕು, ಕೈ ಸಾಬೂನಿನಲ್ಲಿ ತೊಳೆಯಬೇಕು, ಬಸುರಿಯರು ಆ ಕೆಲಸ ಮಾಡಬಾರದು. ಹಾಗೆಂದು ಹೆದರಿ ಬೆಕ್ಕನ್ನೇ ಓಡಿಸಬೇಕಾಗಿಲ್ಲ.

ಮರಿ ಹಾಕಿದ ರಾತ್ರಿ

ಮನೆ ಬೆಕ್ಕಾದರೆ ಮೈಯ ಉಷ್ಣತೆ ನೋಡುತ್ತಾರೆ, ಅದು ಇಳಿದರೆ ಒಂದು ದಿನದೊಳಗೆ ಮರಿ ಹಾಕುತ್ತದೆಂದು ಲೆಕ್ಕ. ಪಳಗದ ಬೆಕ್ಕಿಗೆ ಯಾರು ಮುಟ್ಟುತ್ತೀರಿ? ನಮಗೆ ಕಣ್ಣೇ ಥರ್ಮಾಮೀಟರ್. ಹನ್ನೊಂದನೇ ದಿನ ಸಂಜೆ ಮೀನು ಹಾಗೇ ಉಳಿದಿತ್ತು. ಬೆಡ್‌ಶೀಟನ್ನು ಕಾಲಿನಲ್ಲಿ ಕೆರೆದು ಗುಡ್ಡೆ ಮಾಡುತ್ತಿತ್ತು. ಪೆಟ್ಟಿಗೆಯೊಳಗೆ ಹೋಗುವುದು, ಬರುವುದು, ಹಿಂದೆ ತಿರುಗಿ ನೆಕ್ಕಿಕೊಳ್ಳುವುದು.

ನಾವು ಇಬ್ಬರು ಬಾಗಿಲಿನ ಬಿರುಕಿನಲ್ಲಿ ಸರದಿಯಂತೆ ನೋಡಿದೆವು. ರಾತ್ರಿ ಹನ್ನೊಂದಕ್ಕೆ ಮೊದಲ ಮರಿ. ತಾಯಿಯೇ ಪೊರೆ ಹರಿದು, ಮೂಗು ನೆಕ್ಕಿ, ಹೊಕ್ಕುಳಬಳ್ಳಿ ಕಡಿದು, ಮಾಸನ್ನು ತಿಂದಿತು. ಅದು ಸಹಜ, ತಡೆಯಬಾರದು. ಅರ್ಧರ್ಧ ಗಂಟೆಗೆ ಎರಡನೆಯದು, ಮೂರನೆಯದು. ಆಮೇಲೆ ಏನೂ ಇಲ್ಲ. ಹನ್ನೆರಡೂವರೆ ಆಯಿತು, ಎರಡೂವರೆ ಆಯಿತು. ಹೊಟ್ಟೆ ಇನ್ನೂ ದಪ್ಪವಿದೆ. ನಮಗೆ ಕೈಕಾಲು ತಣ್ಣಗಾಯಿತು. ಆ ಹಳೆಯ ಮೂರು ಮರಿಗಳು ಕಣ್ಣ ಮುಂದೆ ಬಂದವು. ಒಳಗೆ ಹೋಗುವುದಾ ಬೇಡವಾ?

ವೈದ್ಯರಿಗೆ ಫೋನ್ ಮಾಡಿದೆವು. ಅವರು ಒಂದೇ ಪ್ರಶ್ನೆ ಕೇಳಿದರು. "ಮುಕ್ಕುತ್ತಿದೆಯಾ, ಅಥವಾ ಮರಿಗಳಿಗೆ ಹಾಲು ಕೊಟ್ಟು ಮಲಗಿದೆಯಾ?" ಮಲಗಿದೆ ಅಂದೆವು. "ಹಾಗಾದರೆ ನೀವೂ ಸುಮ್ಮನೆ ಕೂತುಕೊಳ್ಳಿ. ಬೆಕ್ಕು ನಡುವೆ ವಿಶ್ರಾಂತಿ ತೆಗೆದುಕೊಳ್ಳುವುದುಂಟು. ಜೋರಾಗಿ ಮುಕ್ಕಿ ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ, ಮರಿ ಅರ್ಧ ಬಂದು ಸಿಕ್ಕಿಕೊಂಡರೆ, ತುಂಬ ರಕ್ತ ಹೋದರೆ, ಕೆಟ್ಟ ವಾಸನೆಯ ಸ್ರಾವ ಕಂಡರೆ ಆಗ ತಡಮಾಡದೆ ತನ್ನಿ" ಅಂದರು. ಬೋನು, ಬೆಡ್‌ಶೀಟ್, ರಿಕ್ಷಾದವರ ನಂಬರು ಸಿದ್ಧ ಇಟ್ಟು ಕೂತೆವು. ನಾಲ್ಕು ಗಂಟೆಗೆ ನಾಲ್ಕನೇ ಮರಿ ಬಂತು. ನಾವು ಬಾಗಿಲಾಚೆ ಕೂತಿದ್ದೆವು ಅಷ್ಟೇ, ಏನೂ ಮಾಡಲಿಲ್ಲ. ಏನೂ ಮಾಡದೆ ಕೂರುವುದು ಎಷ್ಟು ಕಷ್ಟ ಅಂತ ಆ ರಾತ್ರಿ ಗೊತ್ತಾಯಿತು.

ಕೈ ಹಾಕಬೇಕಾದ ಹೊತ್ತು

ದೂರ ಇರಬೇಕು ಎಂದರೆ ಕಣ್ಣು ಮುಚ್ಚಿರಬೇಕು ಎಂದಲ್ಲ. ಹೊಟ್ಟೆ ತುಂಬಿದ ಮರಿ ಸುಮ್ಮನೆ ಮಲಗಿರುತ್ತದೆ. ಒಂದೇ ಸಮ ಅಳುವ ಮರಿಗೆ ಹಸಿವು ಅಥವಾ ಚಳಿ. ಮರುದಿನ ನಾಲ್ಕನೇ ಮರಿ ಪೆಟ್ಟಿಗೆಯ ಅಂಚಿನಲ್ಲಿ ಬೇರೆಯಾಗಿ ಬಿದ್ದು ಕ್ಷೀಣವಾಗಿ ಅಳುತ್ತಿತ್ತು. ತಾಯಿ ಊಟಕ್ಕೆ ಆಚೆ ಮೂಲೆಗೆ ಹೋದಾಗ, ದಪ್ಪ ಕೈಚೀಲ ಹಾಕಿಕೊಂಡು, ನಡುವೆ ರಟ್ಟು ಅಡ್ಡ ಹಿಡಿದು ಮರಿಯನ್ನು ತೆಗೆದೆವು. ಮೈ ತಣ್ಣಗಿತ್ತು. ತಣ್ಣಗಾದ ಮರಿಗೆ ಮೊದಲು ಹಾಲು ಹಾಕಬಾರದು, ಅರಗುವುದಿಲ್ಲ. ಬಿಸಿನೀರಿನ ಬಾಟ್ಲಿಗೆ ಬಟ್ಟೆ ಸುತ್ತಿ, ಪಕ್ಕದಲ್ಲಿಟ್ಟು ನಿಧಾನ ಬೆಚ್ಚಗೆ ಮಾಡಿ, ತಾಯಿಯ ಬಳಿಯೇ ಬಿಟ್ಟೆವು. ಮೊದಲ ದಿನದ ಗಿಣ್ಣುಹಾಲು ಸಿಕ್ಕಿದರೆ ರೋಗದ ವಿರುದ್ಧ ಬಲ ಬರುತ್ತದೆ.

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತಿದೆ. ನಮ್ಮ ಬೆಕ್ಕು ಸೇರಿಸಿತು, ನೆಕ್ಕಿತು, ಹಾಲು ಕೊಟ್ಟಿತು. ತಾಯಿಯನ್ನು ಓಡಿಸುವುದು ನಮ್ಮ ಕೈಯ ವಾಸನೆ ಅಲ್ಲ, ನಮ್ಮ ಉಪದ್ರ. ಆದರೂ ಆ ಮರಿ ಮೂರನೇ ದಿನ ತೀರಿಕೊಂಡಿತು. ಹುಟ್ಟುವಾಗಲೇ ಬಹಳ ಸಣ್ಣದಿತ್ತು. ಸುಮಾರು ನೂರು ಗ್ರಾಂ ತೂಗಬೇಕಾದ ಮರಿ ನಮ್ಮ ಅಂಗೈಯಲ್ಲಿ ಇದೆಯೋ ಇಲ್ಲವೋ ಎಂಬಂತಿತ್ತು. ಅಂಗಳದ ಬಾಳೆ ಬುಡದಲ್ಲಿ ಮಣ್ಣು ಮಾಡಿದೆವು. ಮನಸ್ಸಿಗೆ ನೋವಾಯಿತು. ಆದರೆ ಮೂರು ವರ್ಷದ ಹಿಂದಿನ ನೋವೇ ಬೇರೆ, ಇದೇ ಬೇರೆ.

ಅಲ್ಲಿಗೆ ಮುಗಿಯುವುದಿಲ್ಲ

ಉಳಿದ ಮೂರು ಮರಿಗಳು ಹತ್ತನೇ ದಿನಕ್ಕೆ ಕಣ್ಣು ಬಿಟ್ಟವು. ಹಾಲು ಕೊಡುವ ತಾಯಿಗೆ ಮೊದಲಿನ ಎರಡರಷ್ಟಾದರೂ ಊಟ ಬೇಕು, ಕೊಟ್ಟೆವು. ಎರಡರಿಂದ ಏಳು ವಾರದ ಒಳಗೆ ಮರಿಗಳಿಗೆ ಮನುಷ್ಯರ ಪರಿಚಯ ಆಗಬೇಕು, ಆಮೇಲೆ ಪಳಗಿಸುವುದು ಕಷ್ಟ. ನಾಲ್ಕನೇ ವಾರದಿಂದ ಮರಿಗಳು ತಾವೇ ತಟ್ಟೆಯ ಬಳಿ ಬಂದಾಗ ಮೆಲ್ಲ ಕೈ ಅಭ್ಯಾಸ ಮಾಡಿಸಿದೆವು. ಒಂಬತ್ತನೇ ವಾರ ಮೊದಲ ಚುಚ್ಚುಮದ್ದು ಹಾಕಿಸಿ ಮೂರು ಮನೆಗಳಿಗೆ ಕೊಟ್ಟೆವು. ಎಂಟು ವಾರಕ್ಕೆ ಮೊದಲು ಮರಿಯನ್ನು ತಾಯಿಯಿಂದ ಬೇರೆ ಮಾಡಬೇಡಿ.

ತಾಯಿಯನ್ನು ಅದೇ ಬೋನಿನಲ್ಲಿ ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಇದನ್ನು ಮರೆತರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಬೆಕ್ಕು ಮತ್ತೆ ಬಸುರಾಗಬಹುದು. ಹೆಣ್ಣು ಮರಿ ಐದಾರು ತಿಂಗಳಿಗೇ ತಾನೂ ತಾಯಿಯಾಗಲು ಸಿದ್ಧ. ಬೇಡದ ಮರಿಗಳನ್ನು ಚೀಲದಲ್ಲಿ ಕಟ್ಟಿ ಮೀನು ಮಾರ್ಕೆಟಿನ ಬಳಿ ಬಿಟ್ಟು ಬರುವುದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಹಸಿವೆ ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ.

ಕೊನೆಗೆ ಕೆಲವು ಮಾತು ನೆನಪಿನಲ್ಲಿಡಿ:

1. ಜಾಗ ಕ್ಷೇಮವಾಗಿದ್ದರೆ ಬೆಕ್ಕನ್ನು ಹಿಡಿಯಬೇಡಿ. ಊಟ ನೀರು ಇಟ್ಟು ದೂರ ಇರಿ.
2. ಕತ್ತಲಿನ ಪೆಟ್ಟಿಗೆ, ಶಾಂತಿ, ಒಬ್ಬರೇ ನೋಡಿಕೊಳ್ಳುವವರು. ಇಷ್ಟು ಸಾಕು.
3. ಫಿನಾಯಿಲ್, ಡೆಟಾಲ್, ನುಸಿಗುಳಿಗೆ, ಪ್ಯಾರಸಿಟಮಾಲ್ ಹತ್ತಿರ ಸುಳಿಯಬಾರದು.
4. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ.
5. ಪಶು ವೈದ್ಯರ ನಂಬರು ಮೊದಲೇ ಬರೆದಿಟ್ಟುಕೊಳ್ಳಿ.
6. ಮರಿಗಳು ಹಾಲು ಬಿಟ್ಟ ಕೂಡಲೇ ತಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿ.

ಆ ಬೂದು ಬೆಕ್ಕು ಈಗ ನಮ್ಮ ಕೇಂದ್ರದ ಅಂಗಳದಲ್ಲೇ ಇದೆ. ಪಳಗಿತಾ ಅಂತ ಕೇಳಬೇಡಿ. ಈಗಲೂ ಹತ್ತಿರ ಹೋದರೆ ಬುಸ್ಸೆನ್ನುತ್ತದೆ. ಮಧ್ಯಾಹ್ನ ಊಟದ ತಟ್ಟೆ ಇಟ್ಟು ಹತ್ತು ಹೆಜ್ಜೆ ಹಿಂದೆ ಬಂದರೆ ಮಾತ್ರ ಬಂದು ತಿನ್ನುತ್ತದೆ. ನಾವು ಆ ಹತ್ತು ಹೆಜ್ಜೆ ಹಿಂದೆ ಬರುತ್ತೇವೆ.