ಮೂಗಿನೊಳಗಿನ ತುಂಡಿಗೆ ಮುದ್ದತು ಎಷ್ಟು?



ನಾವು ಮನೆಯಲ್ಲಿ ಮೂಗು ಅನ್ನುತ್ತೇವೆ, ಸಂತೆಗೆ ಹೋದರೆ ನಾಕ ಅನ್ನುತ್ತೇವೆ. ಎರಡು ಮಾತಿನಲ್ಲೂ ಮೂಗು ಹೋದರೆ ಮಾನ ಹೋದಂತೆ. ಅಪಘಾತದಲ್ಲಿ ಮೂಗು ಚಪ್ಪಟೆಯಾದವರು, ಹುಟ್ಟಿನಿಂದ ಮೂಗು ತಗ್ಗಿರುವವರು, ಮದುವೆಗೆ ಮುಂಚೆ ಚೆಂದ ಕಾಣಬೇಕೆನ್ನುವವರು ಈಗ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ಮೂಗು ಎತ್ತರ ಮಾಡಿಸಿಕೊಳ್ಳುತ್ತಾರೆ. ಖರ್ಚು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುವವರು ಕಡಿಮೆ. ಬ್ಯಾಂಕಿನಲ್ಲಿ ಮುದ್ದತಿ ಠೇವಣಿಯ ರಸೀದಿ ಬರೆದು ನಿವೃತ್ತನಾದವನು ನಾನು. ನನಗೆ ಮೊದಲು ಹೊಳೆಯುವುದು ಆ ಪ್ರಶ್ನೆಯೇ.

ಈ ವಿದ್ಯೆ ನಮಗೆ ದೂರದ್ದಲ್ಲ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸಿಕ್ಕು ಮೂಗು ಕೊಯ್ಸಿಕೊಂಡ ಕಾವಸಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಹತ್ತಿರ ಇಟ್ಟಿಗೆ ಸುಡುವ ಜಾತಿಯವನೊಬ್ಬ ಹೊಸ ಮೂಗು ಮಾಡಿದ. ಮೇಣದಿಂದ ಅಳತೆ ತೆಗೆದು, ಹಣೆಯ ಚರ್ಮವನ್ನು ಅದೇ ಅಳತೆಗೆ ಬಿಡಿಸಿ, ಕೆಳಗೆ ತಿರುಗಿಸಿ ಕೂಡಿಸಿದ. ಈ ಸಂಗತಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾಯಿತು. ಗಮನಿಸಿ: ಮೇಣ ಅಳತೆಗೆ ಮಾತ್ರ. ಮುಖದಲ್ಲಿ ಉಳಿದದ್ದು ಅವನದೇ ಜೀವಂತ ಚರ್ಮ.

ಮುಂದೆ 1900ರ ಸುಮಾರಿಗೆ ಯುರೋಪಿನ ವೈದ್ಯರು ತಗ್ಗು ಮೂಗಿಗೆ ಪ್ಯಾರಾಫಿನ್ ಮೇಣವನ್ನೇ ಸೂಜಿಯಿಂದ ತುಂಬಿದರು. ಮೊದಲು ಚೆಂದ ಕಂಡಿತು. ಆಮೇಲೆ ಗಂಟುಗಳಾದವು, ಮೇಣ ಜಾರಿತು, ಆ ಪದ್ಧತಿ ಬಿದ್ದುಹೋಯಿತು.

ಈಗ ಹೆಚ್ಚಾಗಿ ಹಾಕುವುದು ಎರಡು ಬಗೆ. ಒಂದು, ನಮ್ಮದೇ ಮೆತ್ತನೆಯ ಎಲುಬು, ಅಂದರೆ ಮೃದ್ವಸ್ಥಿ. ಅದನ್ನು ಹೊರಳೆಗಳ ನಡುವಿನ ಗೋಡೆಯಿಂದಲೋ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತೆಗೆಯುತ್ತಾರೆ. ಅದು ಮೈಯೊಡನೆ ಬೆರೆತು ಬಾಳುತ್ತದೆ. ಪಕ್ಕೆಯಿಂದ ತೆಗೆದದ್ದು ಕೆಲವೊಮ್ಮೆ ಸೊಟ್ಟಗಾಗಬಹುದು, ಸ್ವಲ್ಪ ಕರಗಲೂಬಹುದು. ತೆಗೆದ ಕಡೆ ಇನ್ನೊಂದು ಗಾಯವೂ ಇರುತ್ತದೆ.

ಇನ್ನೊಂದು, ಸಿಲಿಕೋನ್ ತುಂಡು. ಅದು ಕೊಳೆಯುವುದಿಲ್ಲ, ಕರಗುವುದಿಲ್ಲ. ಆದರೆ ಮೈ ಅದನ್ನು ತನ್ನದೆಂದು ಒಪ್ಪುವುದೂ ಇಲ್ಲ. ಸುತ್ತ ಒಂದು ಪೊರೆ ಕಟ್ಟಿ ಬೇರೆಯೇ ಇಡುತ್ತದೆ. ಹಲವರಲ್ಲಿ ದಶಕಗಟ್ಟಲೆ ಸುಮ್ಮನಿರುತ್ತದೆ. ಕೆಲವರಲ್ಲಿ ವರ್ಷಗಳ ನಂತರ ಜರುಗುತ್ತದೆ, ಅದರ ಮೇಲೆ ಸುಣ್ಣದಂಥ ಪದರ ಕೂಡುತ್ತದೆ, ಕೀವಾಗುತ್ತದೆ, ಇಲ್ಲವೆ ಚರ್ಮ ತೆಳುವಾಗಿ ಹೊರಗೆ ಬರುತ್ತದೆ. ಮೂಗಿನ ತುದಿಯವರೆಗೆ ಚಾಚಿದ ತುಂಡಿಗೆ ಈ ಭಯ ಹೆಚ್ಚು. ರಂಧ್ರಗಳಿರುವ ಪ್ಲಾಸ್ಟಿಕ್ ಬಗೆಯ ತುಂಡುಗಳೂ ಉಂಟು. ಅವುಗಳೊಳಗೆ ಮಾಂಸ ಬೆಳೆದು ಭದ್ರವಾಗುತ್ತವೆ, ಅದೇ ಕಾರಣಕ್ಕೆ ತೆಗೆಯುವುದು ಕಷ್ಟ.

ಆದ್ದರಿಂದ ಮುದ್ದತಿ ಠೇವಣಿಯಂತೆ ಇದಕ್ಕೆ ತಾರೀಖು ಬರೆದಿಲ್ಲ. ಇಷ್ಟು ವರ್ಷಕ್ಕೆ ಬದಲಿಸಲೇಬೇಕೆಂಬ ನಿಯಮವಿಲ್ಲ, ಸಾಯುವವರೆಗೆ ಇರುತ್ತದೆಂಬ ಜಾಮೀನೂ ಇಲ್ಲ. ಇಪ್ಪತ್ತರ ಹುಡುಗಿ ಹಾಕಿಸಿಕೊಂಡರೆ ಐವತ್ತು ಅರವತ್ತು ವರ್ಷ ಅದರ ಜೊತೆಗೇ ಬಾಳಬೇಕು. ಅಷ್ಟು ದೂರದ ಲೆಕ್ಕ ಹಾಕಿಯೇ ಒಪ್ಪಬೇಕು.

ಹೋಗುವವರು ಮೂರು ಮಾತು ಕೇಳಿ. ಏನು ಹಾಕುತ್ತೀರಿ? ತುದಿಯವರೆಗೆ ಹಾಕುತ್ತೀರಾ? ಮುಂದೆ ಕೆಟ್ಟರೆ ಏನು ಮಾಡುತ್ತೀರಿ, ಅದಕ್ಕೆ ಎಷ್ಟಾಗುತ್ತದೆ?

ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ತುಂಡಿನ ಹೆಸರು, ಅಳತೆ, ಹಾಕಿದ ತಾರೀಖು ಅದರಲ್ಲಿರಲಿ. ಹೊಲದ ಉತಾರೆಯ ಜೊತೆಗೇ ಅದನ್ನೂ ಪೆಟ್ಟಿಗೆಯಲ್ಲಿಡಿ. ಇಪ್ಪತ್ತು ವರ್ಷದ ಮೇಲೆ ಬೇರೆ ವೈದ್ಯರು ನೋಡುವಾಗ ಆ ಚೀಟಿಯೇ ದಾರಿ ತೋರಿಸುತ್ತದೆ.

ಈಗಾಗಲೇ ಹಾಕಿಸಿಕೊಂಡವರು ಕನ್ನಡಿ ನೋಡುವಾಗ ಗಮನಿಸಿ. ಮೂಗಿನ ತುದಿ ಕೆಂಪಾದರೆ, ಚರ್ಮ ತೆಳುವಾಗಿ ಹೊಳೆದರೆ, ತುಂಡು ಸರಿದಂತೆ ಕಂಡರೆ, ನೋವು ಅಥವಾ ಕೀವು ಬಂದರೆ ಮನೆಮದ್ದು ಮಾಡುತ್ತ ಕೂಡಬೇಡಿ. ಜನ ಏನಂದಾರು ಎಂದು ಮುಚ್ಚಿಡಲೂ ಬೇಡಿ. ಬೇಗ ಹೋದರೆ ತುಂಡು ತೆಗೆದು ಮೂಗು ಉಳಿಸಬಹುದು. ತಡವಾದರೆ ಚರ್ಮ ಹರಿದು ಮೂಗೇ ಕುಗ್ಗೀತು.

ಮಾಡಿಸಿಕೊಳ್ಳುವುದು, ಬಿಡುವುದು ನಿಮ್ಮ ಇಷ್ಟ. ಲೆಕ್ಕ ಮಾತ್ರ ಪೂರಾ ಇರಲಿ.