ಸಾವಿನ ಮನೆಯಲ್ಲಿ ಗ್ರಾಹಕರ ಹಕ್ಕು



ಗ್ರಾಹಕರ ಹಕ್ಕು ಎಂದೊಡನೆ ತೂಕದ ಮೋಸ, ಕಲಬೆರಕೆ ಎಣ್ಣೆ, ಕೊಂಡ ಮರುದಿನವೇ ಕೆಟ್ಟುಹೋದ ಫ್ಯಾನು ನಿಮ್ಮ ನೆನಪಿಗೆ ಬರಬಹುದು. ಇಂದು ಯಾರೂ ಮಾತಾಡಲು ಇಷ್ಟಪಡದ ಒಂದು ಖರ್ಚಿನ ಬಗ್ಗೆ ಹೇಳಬೇಕೆಂದಿದ್ದೇನೆ. ಅದು ಅಂತ್ಯಕ್ರಿಯೆಯ ಖರ್ಚು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಸಾವೆಂದರೆ ಊರಿನವರೆಲ್ಲ ಸೇರುತ್ತಾರೆ. ನೆರೆಯವರು ಬಿದಿರು ತಂದು ಚಟ್ಟ ಕಟ್ಟುತ್ತಾರೆ, ನೆಂಟರು ಸೌದೆ ಹೊಂದಿಸುತ್ತಾರೆ, ಅಕ್ಕಪಕ್ಕದ ಊರಿನವರು ಕೆಲಸ ಬಿಟ್ಟು ಮಣ್ಣಿಗೆ ಬರುತ್ತಾರೆ. ಇದಕ್ಕೆ ಬೆಲೆ ಕಟ್ಟಲಾಗದು. ಉಚಿತವಾಗಿ ಮಾಡಿದ ಇಂಥ ಉಪಕಾರ ಗ್ರಾಹಕ ಕಾನೂನಿನ ವ್ಯಾಪ್ತಿಗೂ ಬರುವುದಿಲ್ಲ. ಆದರೆ ದೊಡ್ಡ ಕಾಯಿಲೆಗೆ ಇಂದು ನಾವು ಕೋಲಾರಕ್ಕೋ ಬೆಂಗಳೂರಿಗೋ ಹೋಗುತ್ತೇವೆ. ಸಾವು ಅಲ್ಲಿ ಸಂಭವಿಸಿದರೆ ಶವವಾಹನ, ಶವ ಇಡುವ ಫ್ರೀಜರ್ ಪೆಟ್ಟಿಗೆ, ಶಾಮಿಯಾನ ಎಲ್ಲವನ್ನೂ ಹಣ ಕೊಟ್ಟೇ ಪಡೆಯಬೇಕು. ಹಣ ಕೊಟ್ಟ ಕ್ಷಣದಿಂದ ನೀವು ಗ್ರಾಹಕರು.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮುಳಬಾಗಿಲಿನ ರೈತರೊಬ್ಬರು ರಾತ್ರಿ ತೀರಿಕೊಂಡಿದ್ದಾರೆ. ಹೆಂಡತಿ ಕುಸಿದು ಕುಳಿತಿದ್ದಾರೆ. ಬಾಗಿಲಲ್ಲಿ ನಿಂತ ವಾಹನದವನು ಒಂದು ಮೊತ್ತ ಹೇಳುತ್ತಾನೆ. ಅಪ್ಪನ ದೇಹ ಒಳಗಿರುವಾಗ ಚೌಕಾಸಿ ಮಾಡುವುದು ಮಗನಿಗೆ ಪಾಪವೆನಿಸುತ್ತದೆ. ಹೂಂ ಎನ್ನುತ್ತಾನೆ. ಊರು ಮುಟ್ಟಿದ ಮೇಲೆ ಕಾದ ಹೊತ್ತಿಗೆ, ವಾಪಸು ಪ್ರಯಾಣಕ್ಕೆ, ಟೋಲಿಗೆ ಎಂದು ಮತ್ತಷ್ಟು ಕೇಳಿದರೆ ಆತ ಏನು ತಾನೇ ಮಾಡಿಯಾನು?

ಆದ್ದರಿಂದ ತೀರಾ ಹತ್ತಿರದವರಲ್ಲದ, ಲೆಕ್ಕ ಬಲ್ಲ ಒಬ್ಬರು ಈ ಹೊಣೆ ಹೊರಬೇಕು. ಅದು ನೀವೇ ಆಗಬಹುದು. ಒಂದು ನೋಟ್‌ಬುಕ್ ಹಿಡಿದು ಮೊದಲೇ ಕೇಳಿ: ಒಟ್ಟು ಮೊತ್ತ ಎಷ್ಟು? ವಾಪಸು ಪ್ರಯಾಣ, ಕಾಯುವ ಸಮಯ, ಟೋಲು ಅದರಲ್ಲಿ ಸೇರಿವೆಯೇ? ಫ್ರೀಜರ್ ಪೆಟ್ಟಿಗೆಯ ಬಾಡಿಗೆ ದಿನದ ಲೆಕ್ಕವೋ ಗಂಟೆಯ ಲೆಕ್ಕವೋ? ನಮಗೆ ಬೇಡವಾದದ್ದನ್ನು ಬಿಡಬಹುದೇ? ಇನ್ನೊಂದಿಬ್ಬರಿಗೆ ಫೋನ್ ಮಾಡಿ ದರ ವಿಚಾರಿಸಿ. ಅಮೆರಿಕದಲ್ಲಿ 1984ರಿಂದಲೂ ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಗಳು ಬಿಡಿಬಿಡಿಯಾದ ದರಪಟ್ಟಿ ಕೊಡಬೇಕೆಂಬ ನಿಯಮವಿದೆ. ನಮ್ಮಲ್ಲಿ ಬೆಲೆಯನ್ನು ತಿಳಿಯುವ ಹಕ್ಕನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿದೆ. 1986ರ ಕಾಯ್ದೆಯ ಬದಲಿಗೆ ಬಂದ 2019ರ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಸಲ್ಲಿಸಿದ ಸೇವೆಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದೂ ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೇ.

ಬಿಲ್ಲಿನಲ್ಲಿ ಜಿ.ಎಸ್.ಟಿ. ಸೇರಿಸಿದ್ದರೆ ಪ್ರಶ್ನಿಸಿ. ಶವಸಂಸ್ಕಾರ, ಶವಾಗಾರ ಹಾಗೂ ಶವ ಸಾಗಣೆಯ ಸೇವೆಗಳನ್ನು 2017ರ ಕಾಯ್ದೆಯೇ ಆ ತೆರಿಗೆಯಿಂದ ಹೊರಗಿಟ್ಟಿದೆ. ಖಾಸಗಿ ಆಸ್ಪತ್ರೆ ಬಾಕಿ ಹಣಕ್ಕಾಗಿ ದೇಹವನ್ನು ತಡೆಹಿಡಿಯುವಂತಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಇದನ್ನು ಹೇಳುತ್ತದೆ. ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬೇಕು.

ಹಕ್ಕಿನ ಜೊತೆಗೆ ಕರ್ತವ್ಯವೂ ಇದೆ. ಗುಣಿ ತೆಗೆಯುವವರ, ತಮಟೆ ಬಾರಿಸುವವರ ಕೂಲಿಯನ್ನು ಮೊದಲೇ ಮಾತಾಡಿ, ಅಂದೇ ಕೊಡಿ. ಅದು ಹುಟ್ಟಿನಿಂದ ಯಾರ ಮೇಲೂ ಬಿದ್ದ ಬಿಟ್ಟಿ ಚಾಕರಿಯಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಂದ ಗುಣಿ ತೋಡಿಸುವುದನ್ನು, ಹೆಣ ಹೊರಿಸುವುದನ್ನು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಅಪರಾಧವೆಂದು ಸಾರಿದೆ. ವಾಹನದವನ ಬಳಿ ಲೆಕ್ಕ ಕೇಳಿ, ಬಡ ಕೂಲಿಯವನಿಗೆ ಕೈಬಿಗಿ ಹಿಡಿದರೆ ಅದು ಗ್ರಾಹಕ ಜಾಗೃತಿಯಾಗದು.

ದುಃಖದಲ್ಲಿ ಮರೆತುಹೋಗುವ ಇನ್ನೊಂದು ಕೆಲಸ ಮರಣದ ನೋಂದಣಿ. ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿಯಾಗುತ್ತದೆ. ಬೆಂಗಳೂರಿನಲ್ಲಿ ತೀರಿಕೊಂಡವರ ಪ್ರಮಾಣಪತ್ರವನ್ನು ಮುಳಬಾಗಿಲಿನಲ್ಲಿ ಹುಡುಕಿ ಫಲವಿಲ್ಲ. ಮನೆಯಲ್ಲಾದ ಸಾವನ್ನು ಮನೆಯ ಹಿರಿಯರು, ಆಸ್ಪತ್ರೆಯಲ್ಲಾದದ್ದನ್ನು ಆಸ್ಪತ್ರೆಯವರು 21 ದಿನಗಳೊಳಗೆ ತಿಳಿಸಬೇಕು. ತಡವಾದರೆ ಶುಲ್ಕ ಬೀಳುತ್ತದೆ. ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ವಿಧವಾ ವೇತನ, ವಿಮೆ, ಪಹಣಿ ಬದಲಾವಣೆ ಎಲ್ಲಕ್ಕೂ ಆ ಒಂದು ಹಾಳೆ ಬೇಕು.

ಇಷ್ಟೆಲ್ಲ ಮಾಡಿಯೂ ಮೋಸ ಹೋದರೆ? ಮೊದಲು ಸೇವೆ ಕೊಟ್ಟವರಿಗೆ ಬರವಣಿಗೆಯಲ್ಲಿ ತಿಳಿಸಿ. ಅವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಮೇಲೆ ಕೋಲಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ವಾಹನ ಬೆಂಗಳೂರಿನದಾದರೂ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದು 2019ರ ಕಾಯ್ದೆ ತಂದ ಅನುಕೂಲ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರೇ ಬೇಕೆಂದಿಲ್ಲ. 2 ವರ್ಷದೊಳಗೆ ಸಲ್ಲಿಸಬೇಕು. ಆಗ ಆಧಾರವಾಗುವುದು ನಿಮ್ಮ ನೋಟ್‌ಬುಕ್ಕು ಮತ್ತು ಅದರೊಳಗಿಟ್ಟ ರಸೀದಿ.

ಸಾವಿನ ಮನೆಯಲ್ಲಿ ಲೆಕ್ಕ ಕೇಳಿದರೆ ಸತ್ತವರಿಗೆ ಅಗೌರವವಾದೀತೆಂದು ಹಿರಿಯರು ಅಂಜುತ್ತಾರೆ. ಆ ರೈತರು ಬದುಕಿದ್ದಾಗ ಮಂಡಿಯಲ್ಲಿ ಪ್ರತಿ ಚೀಲದ ತೂಕವನ್ನೂ ಕೇಳಿ ಬರೆಸಿಕೊಂಡವರು. ಅವರ ಕೊನೆಯ ಪ್ರಯಾಣದ ಸಾಲ ಹೆಂಡತಿ ಮಕ್ಕಳ ತಲೆಯ ಮೇಲೆ ಕೂರದಂತೆ ನೋಡಿಕೊಳ್ಳುವುದೂ ಅವರಿಗೆ ಸಲ್ಲಿಸುವ ಗೌರವವೇ. ಹಿರಿಯರಿಗೆ ಈ ಮಾತನ್ನು ಮೆಲ್ಲಗೆ ತಿಳಿಹೇಳಿ.